ಸಿಂಗಲ್ ಕೋಟ್ ಒಳಗಿನ ಒಂದು ಅಕ್ಷರ: ಕ್ಯಾರೆಕ್ಟರ್ ಲಿಟರಲ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆ, ಹರಿಹರ, ಚಿತ್ರದುರ್ಗದ ಕಡೆಯಿಂದ ಸಂಜೆ ಕ್ಲಾಸಿಗೆ ಬರುವ ಡಿಪ್ಲೊಮಾ, ಬಿಸಿಎ, ಇಂಜಿನಿಯರಿಂಗ್ ಹುಡುಗ ಹುಡುಗಿಯರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ಹೆಚ್ಚಿನವು ಸಿ ಮತ್ತು ಜಾವಾ ಬಗ್ಗೆ. ಲ್ಯಾಬ್‌ನಲ್ಲಿ ಮೊದಲು ಎದುರಾಗುವುದು ಅವೇ ಅಲ್ವಾ. ಕೋಡಿನ ಪದಗಳನ್ನೂ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಮಾತ್ರ ಇಂಗ್ಲಿಷ್ ಅಕ್ಷರ ಹಾಕಿ.

ಕ್ಯಾರೆಕ್ಟರ್ ಲಿಟರಲ್ ಅಂದ್ರೆ ಏನು?

ಕೋಡ್ ಒಳಗೆ ನೇರವಾಗಿ ಬರೆದ ಒಂದು ಅಕ್ಷರ, ಒಂದು ಅಂಕಿ ಅಥವಾ ಒಂದು ಚಿಹ್ನೆ. ಸಿ, ಸಿ ಪ್ಲಸ್ ಪ್ಲಸ್, ಜಾವಾ, ಸಿ ಶಾರ್ಪ್, ಕಾಟ್ಲಿನ್, ಗೋ, ರಸ್ಟ್ ಇವೆಲ್ಲದರಲ್ಲೂ ಅದನ್ನು ಸಿಂಗಲ್ ಕೋಟ್ ನಡುವೆ ಇಡುತ್ತಾರೆ: '7', '+', '#', ' '. ಕೊನೆಯದು ಖಾಲಿ ಅಲ್ಲ, ಸ್ಪೇಸ್. ಅದೂ ಒಂದು ಕ್ಯಾರೆಕ್ಟರೇ.

ಮೆಮೊರಿಯಲ್ಲಿ ಅಕ್ಷರ ಅಂತ ಏನೂ ಇರುವುದಿಲ್ಲ, ಇರುವುದು ನಂಬರ್ ಮಾತ್ರ. ಯಾವ ಚಿಹ್ನೆಗೆ ಯಾವ ನಂಬರ್ ಅಂತ ಮೊದಲೇ ಒಂದು ಪಟ್ಟಿ ಮಾಡಿಟ್ಟಿರುತ್ತಾರೆ. ನಿಮ್ಮ ಪುಸ್ತಕದ ಕೊನೆಯಲ್ಲಿರುವ ಆಸ್ಕಿ ಪಟ್ಟಿ ಅದೇ. 1963ರಲ್ಲಿ ಮೊದಲು ಬಂದದ್ದು. ಅದರಲ್ಲಿ ಸ್ಪೇಸ್ 32, '+' 43, '0' 48, '7' 55, ದೊಡ್ಡ ಎ 65, ಸಣ್ಣ ಎ 97. ಸಿಂಗಲ್ ಕೋಟ್ ಹಾಕಿದರೆ ಕಂಪೈಲರ್‌ಗೆ ನೀವು ಹೇಳುವುದು ಇಷ್ಟೇ: ಪಟ್ಟಿಯಲ್ಲಿ ಇದರ ನಂಬರ್ ನೋಡಿ ಹಾಕು. ಕೆಳಗಿನ ಅರ್ಧಕ್ಕಿಂತ ಜಾಸ್ತಿ ಪ್ರಶ್ನೆಗಳು "ಇದರ ನಂಬರ್ ಎಷ್ಟು?" ಅಂತ ಕೇಳಿಕೊಂಡರೆ ಅಲ್ಲೇ ಬಿಡಿಸಿಕೊಳ್ಳುತ್ತವೆ.

'7', 7, "7" ಮೂರೂ ಬೇರೆ ಬೇರೆನಾ?

ಹೌದು, ಮೂರೂ ಬೇರೆ. ಕೋಟ್ ಇಲ್ಲದ 7 ಅಂದರೆ ಏಳು. '7' ಅಂದರೆ 55. "7" ಅಂದರೆ ಸ್ಟ್ರಿಂಗ್; ಸಿಯಲ್ಲಿ ಅದು ಎರಡು ಬೈಟ್: ಮೊದಲು 55, ಆಮೇಲೆ ಸ್ಟ್ರಿಂಗ್ ಮುಗಿಯಿತು ಅಂತ ಹೇಳುವ 0.

ಇದು ಬರೀ ವೈವಾಕ್ಕೆ ಓದಿಕೊಳ್ಳುವ ವಿಷಯ ಅಲ್ಲ. ಸಿಯಲ್ಲಿ ಒಂದು ಕ್ಯಾರೆಕ್ಟರನ್ನು "7" ಜೊತೆ ಹೋಲಿಸಿದರೆ ಕಂಪೈಲರ್ ವಾರ್ನಿಂಗ್ ಕೊಡುತ್ತದೆ, ಆದರೂ ಬಹಳ ಸಲ ಪ್ರೋಗ್ರಾಂ ಓಡುತ್ತದೆ. ಓಡಿದರೂ ಉತ್ತರ ಸರಿ ಬರುವುದಿಲ್ಲ. ಅಲ್ಲಿ ಹೋಲಿಕೆ ಆಗುತ್ತಿರುವುದು ಅಕ್ಷರದ ನಂಬರಿಗೂ ಸ್ಟ್ರಿಂಗ್ ಕೂತಿರುವ ವಿಳಾಸಕ್ಕೂ. ವಾರ್ನಿಂಗ್ ಬಂದರೆ ಪರವಾಗಿಲ್ಲ, ಎರರ್ ಬಂದರೆ ಮಾತ್ರ ನೋಡೋಣ ಅನ್ನುವ ಅಭ್ಯಾಸ ನಮ್ಮ ಕಡೆ ಜಾಸ್ತಿ. ಕ್ಯಾರೆಕ್ಟರ್ ವಿಷಯದಲ್ಲಿ ಅದು ನೇರವಾಗಿ ಮಾರ್ಕ್ಸ್ ಕಳೆಯುವ ಅಭ್ಯಾಸ.

ಮೆನು ಪ್ರೋಗ್ರಾಂ ಬರೆದೆ. 1 ಒತ್ತಿದರೂ "ತಪ್ಪು ಆಯ್ಕೆ" ಅಂತಲೇ ಬರುತ್ತದೆ. ಯಾಕೆ?

ಹೋಟೆಲ್ ಬಿಲ್ ಪ್ರೋಗ್ರಾಂ ಬರೆಯಿರಿ ಅಂದರೆ ನಮ್ಮೂರಲ್ಲಿ ಎಲ್ಲರದೂ ಒಂದೇ ಮೆನು: 1 ಬೆಣ್ಣೆ ದೋಸೆ, 2 ಓಪನ್ ದೋಸೆ, 3 ಖಾಲಿ ದೋಸೆ, 4 ಮಿರ್ಚಿ ಮಂಡಕ್ಕಿ. ತಪ್ಪೂ ಒಂದೇ.

ಆಯ್ಕೆಯನ್ನು ಕ್ಯಾರೆಕ್ಟರ್ ವೇರಿಯಬಲ್‌ಗೆ ಓದಿಕೊಂಡು, ಸ್ವಿಚ್ ಒಳಗೆ "ಕೇಸ್ 1:" ಅಂತ ಬರೆದಿರುತ್ತೀರಿ. ಗ್ರಾಹಕ ಒತ್ತಿದ ಕೀ ಒಳಗೆ ಬಂದದ್ದು 49 ಆಗಿ. ನೀವು ಹುಡುಕುತ್ತಿರುವುದು 1. ಎರಡೂ ಸೇರುವುದಿಲ್ಲ, ಹಾಗಾಗಿ ಡಿಫಾಲ್ಟ್‌ಗೆ ಹೋಗುತ್ತದೆ. "ಕೇಸ್ '1':" ಅಂತ ಬರೆಯಿರಿ, ಸರಿಹೋಗುತ್ತದೆ. ಉಲ್ಟಾ ತಪ್ಪೂ ಇದೆ: ಪರ್ಸೆಂಟ್ ಡಿ ಹಾಕಿ ಇಂಟಿಜರ್ ಆಗಿ ಓದಿ, ಕೇಸ್‌ನಲ್ಲಿ '1' ಬರೆಯುವುದು. ಆಗ ಗ್ರಾಹಕ 49 ಅಂತ ಟೈಪ್ ಮಾಡಿದರೆ ಮಾತ್ರ ಬೆಣ್ಣೆ ದೋಸೆ ಸಿಗುತ್ತದೆ! ಯಾವ ವಿಧದಲ್ಲಿ ಓದಿದಿರೋ ಅದೇ ವಿಧದಲ್ಲಿ ಹೋಲಿಸಿ.

ಅದು ಸರಿಯಾಯಿತು. ಈಗ ಮೆನು ಎರಡೆರಡು ಸಲ ಪ್ರಿಂಟ್ ಆಗುತ್ತಿದೆ.

ನೀವು 1 ಒತ್ತಿದ ಮೇಲೆ ಎಂಟರ್ ಒತ್ತಿದಿರಿ. ಆ ಎಂಟರ್ ಕೂಡ ಒಂದು ಕ್ಯಾರೆಕ್ಟರ್, ನ್ಯೂಲೈನ್, ಅದರ ನಂಬರ್ 10. ಸ್ಕ್ಯಾನ್‌ಎಫ್ ಪರ್ಸೆಂಟ್ ಸಿ ಮೊದಲ ಸಲ '1' ತೆಗೆದುಕೊಂಡಿತು. ಲೂಪ್ ಸುತ್ತಿ ಬಂದಾಗ ಕೀಬೋರ್ಡ್‌ಗೆ ಕಾಯದೆ ಉಳಿದಿದ್ದ ನ್ಯೂಲೈನನ್ನೇ ತೆಗೆದುಕೊಂಡಿತು. ಪರ್ಸೆಂಟ್ ಚಿಹ್ನೆಗೆ ಮುಂಚೆ, ಕೋಟ್ ಒಳಗೆ, ಒಂದು ಸ್ಪೇಸ್ ಬಿಡಿ. ಆ ಸ್ಪೇಸ್ ಇದ್ದರೆ ಮುಂದೆ ಸಿಗುವ ಸ್ಪೇಸ್, ಟ್ಯಾಬ್, ನ್ಯೂಲೈನ್ ಎಲ್ಲವನ್ನೂ ಸ್ಕ್ಯಾನ್‌ಎಫ್ ದಾಟಿಕೊಂಡು ಹೋಗುತ್ತದೆ. ಕೆಲವರು ಎಫ್‌ಫ್ಲಶ್ ಹಾಕಿ ಅಂತ ಹೇಳಿಕೊಡುತ್ತಾರೆ. ಇನ್‌ಪುಟ್ ಮೇಲೆ ಅದನ್ನು ಹಾಕಿದರೆ ಏನಾಗಬೇಕು ಅಂತ ಸಿ ನಿಯಮದಲ್ಲಿ ಹೇಳಿಯೇ ಇಲ್ಲ. ಒಂದು ಕಂಪೈಲರ್‌ನಲ್ಲಿ ನಡೆದದ್ದು ಇನ್ನೊಂದರಲ್ಲಿ ಕೈಕೊಡುತ್ತದೆ, ಬೇಡ.

ಅಂಕಿಯಿಂದ '0' ಕಳೆಯೋದು ಯಾಕೆ?

ನಮ್ಮ ಗಾಡಿಗಳ ನಂಬರ್ ಪ್ಲೇಟ್ ತಗೊಳ್ಳಿ. ದಾವಣಗೆರೆ ಆರ್‌ಟಿಒದು ಕೆಎ 17, ಚಿತ್ರದುರ್ಗದ್ದು ಕೆಎ 16. ಪ್ಲೇಟನ್ನು ಸ್ಟ್ರಿಂಗ್ ಆಗಿ ಓದಿದ್ದೀರಿ, ಅದರಲ್ಲಿ '1' ಮತ್ತು '7' ಇವೆ. ನಿಮಗೆ ಹದಿನೇಳು ಅನ್ನುವ ಸಂಖ್ಯೆ ಬೇಕು. '1' ಅಂದರೆ 49, '0' ಅಂದರೆ 48, ಕಳೆದರೆ 1. '7' ಅಂದರೆ 55, 48 ಕಳೆದರೆ 7. ಹಾಗಾಗಿ:

('1' - '0') * 10 + ('7' - '0') = 17

ಪಿನ್ ಕೋಡ್ 577002 ಕೂಡ ಇದೇ ಲೆಕ್ಕ. ಬಂದ ಮೊತ್ತವನ್ನು ಹತ್ತರಿಂದ ಗುಣಿಸಿ, ಮುಂದಿನ ಅಂಕಿ ಸೇರಿಸುತ್ತಾ ಹೋಗಿ.

ಇಲ್ಲಿ ದಯವಿಟ್ಟು '0' ಬದಲು 48 ಅಂತ ಬರೆಯಬೇಡಿ. ಉತ್ತರ ಅದೇ ಬರುತ್ತದೆ, ಆದರೆ ಓದುವವರಿಗೆ ಆ 48 ಎಲ್ಲಿಂದ ಬಂತು ಅಂತ ಗೊತ್ತಾಗುವುದಿಲ್ಲ. ಇನ್ನೊಂದು ಕಾರಣವೂ ಇದೆ. ಎಲ್ಲ ಯಂತ್ರಗಳಲ್ಲೂ ಆಸ್ಕಿಯೇ ಇರಬೇಕು ಅಂತ ಸಿ ಭಾಷೆ ಹೇಳುವುದಿಲ್ಲ. ಐಬಿಎಂನ ದೊಡ್ಡ ಮೇನ್‌ಫ್ರೇಮ್‌ಗಳಲ್ಲಿ ಎಬ್‌ಸಿಡಿಕ್ ಅನ್ನುವ ಬೇರೆ ಪಟ್ಟಿ ಇದೆ. ಅಲ್ಲಿ '0' ಅಂದರೆ 240. ಆದರೆ '0' ಇಂದ '9' ವರೆಗೆ ನಂಬರ್‌ಗಳು ಒಂದರ ಹಿಂದೆ ಒಂದು ಬರಲೇಬೇಕು ಅಂತ ಸಿ ನಿಯಮ ಖಾತ್ರಿ ಕೊಡುತ್ತದೆ. ಆದ್ದರಿಂದ '7' - '0' ಎಲ್ಲಿ ಹೋದರೂ 7.

ಇಂಗ್ಲಿಷ್ ಅಕ್ಷರಗಳಿಗೆ ಆ ಖಾತ್ರಿ ಇಲ್ಲ. ಆಸ್ಕಿಯಲ್ಲಿ ಎ ಇಂದ ಜಡ್ ವರೆಗೆ ಸಾಲಾಗಿವೆ, ದೊಡ್ಡದಕ್ಕೂ ಸಣ್ಣದಕ್ಕೂ 32ರ ಅಂತರ. ಎಬ್‌ಸಿಡಿಕ್‌ನಲ್ಲಿ ದೊಡ್ಡ ಐ 201, ದೊಡ್ಡ ಜೆ 209. ನಡುವೆ ಸಂದು ಬಿಟ್ಟಿದ್ದಾರೆ. ಹಾಗಾಗಿ ದೊಡ್ಡಕ್ಷರ ಮಾಡಲು 32 ಕಳೆಯುವ ಬದಲು ಟು‌ಅಪ್ಪರ್ ಫಂಕ್ಷನ್ ಬಳಸಿ. ಲ್ಯಾಬ್‌ನಲ್ಲಿ ಫಂಕ್ಷನ್ ಬಳಸಬೇಡಿ ಅಂದರೆ ಮಾತ್ರ 32ರ ದಾರಿ.

'0' ಮತ್ತು '\0' ಒಂದೇ ಅಲ್ವಾ?

ಅಲ್ಲ. '0' ಅಂದರೆ 48, ಪರದೆ ಮೇಲೆ ಕಾಣುವ ಸೊನ್ನೆ. '\0' ಅಂದರೆ ನಿಜವಾದ 0, ಕಾಣುವುದಿಲ್ಲ, ಸಿ ಸ್ಟ್ರಿಂಗ್‌ನ ಕೊನೆ ಅದು. ಸ್ಟ್ರಿಂಗ್ ಉದ್ದ ಎಣಿಸುವ ಲೂಪ್‌ನಲ್ಲಿ '\0' ಬದಲು '0' ಹಾಕಿದರೆ "577002" ಉದ್ದ 3 ಅಂತ ಬರುತ್ತದೆ.

ಸಿಂಗಲ್ ಕೋಟನ್ನೇ ಸಿಂಗಲ್ ಕೋಟ್ ಒಳಗೆ ಬರೆಯೋದು ಹೇಗೆ?

ಮುಂದೆ ಬ್ಯಾಕ್‌ಸ್ಲ್ಯಾಶ್ ಹಾಕಿ: '\''. ಬ್ಯಾಕ್‌ಸ್ಲ್ಯಾಶ್ ಬೇಕಿದ್ದರೆ ಎರಡು: '\\'. ಡಬಲ್ ಕೋಟ್‌ಗೆ ಇಲ್ಲಿ ಏನೂ ಬೇಡ, '"' ಸಾಕು. ಬ್ಯಾಕ್‌ಸ್ಲ್ಯಾಶ್ ಜೊತೆ ಎನ್ ಹಾಕಿದರೆ ನ್ಯೂಲೈನ್, ಟಿ ಹಾಕಿದರೆ ಟ್ಯಾಬ್, ನಂಬರ್ 9. ನೋಡುವುದಕ್ಕೆ ಎರಡು ಚಿಹ್ನೆ, ಆದರೆ ಎಣಿಕೆಗೆ ಒಂದೇ ಕ್ಯಾರೆಕ್ಟರ್.

ಬ್ಯಾಕ್‌ಸ್ಲ್ಯಾಶ್ ಆದ ಮೇಲೆ ಅಂಕಿ ಬಂದರೆ ಹುಷಾರು. ಸಿಯಲ್ಲಿ ಅದು ಆಕ್ಟಲ್, ಅಂದರೆ ಎಂಟರ ಲೆಕ್ಕ. '\12' ಹನ್ನೆರಡಲ್ಲ, ಹತ್ತು; ಅಂದರೆ ನ್ಯೂಲೈನ್. '\60' ಅಂದರೆ 48, ಅಂದರೆ '0'. ಇದನ್ನು ಇಂಟರ್ನಲ್ಸ್‌ನಲ್ಲಿ ಕೇಳಲು ಎಲ್ಲರಿಗೂ ಇಷ್ಟ. '\08' ಇನ್ನೂ ಮೋಜು: ಎಂಟರ ಲೆಕ್ಕದಲ್ಲಿ 8 ಅನ್ನುವ ಅಂಕಿಯೇ ಇಲ್ಲವಲ್ಲ, ಆದ್ದರಿಂದ ಸಿ ಅದನ್ನು '\0' ಮತ್ತು '8' ಅಂತ ಎರಡು ಕ್ಯಾರೆಕ್ಟರ್ ಆಗಿ ಒಡೆದುಕೊಳ್ಳುತ್ತದೆ. ಗೋ ಭಾಷೆ ಈ ಗೊಂದಲವೇ ಬೇಡ ಅಂತ ಆಕ್ಟಲ್‌ಗೆ ಸರಿಯಾಗಿ ಮೂರು ಅಂಕಿ ಕೇಳುತ್ತದೆ. ಅಲ್ಲಿ '\000' ಸರಿ, '\0' ಎರರ್.

ಎರಡು ಅಂಕಿ ಹಾಕಿ '12' ಅಂತ ಬರೆದೆ, ಸಿ ಸುಮ್ನೆ ಒಪ್ಪಿಕೊಂಡಿತು. ತಪ್ಪು ತಾನೆ?

ಚಿತ್ರದುರ್ಗದ ಕೋಟೆಯಲ್ಲಿ ಓಬವ್ವನ ಕಿಂಡಿ ನೋಡಿದ್ದೀರಲ್ಲ, ಒಂದು ಸಲಕ್ಕೆ ಒಬ್ಬರೇ ನುಸುಳಬೇಕು. ಸಿಂಗಲ್ ಕೋಟ್ ಕೂಡ ಹಾಗೇ ಇರಬೇಕಿತ್ತು. ಜಾವಾ, ರಸ್ಟ್, ಗೋ ಎರಡನೆಯದು ತಲೆ ಹಾಕಿದ ಕೂಡಲೇ ಎರರ್ ಕೊಡುತ್ತವೆ. ಸಿಯಲ್ಲಿ ಮಾತ್ರ ಕಾವಲಿಗೆ ಯಾರೂ ಇಲ್ಲ.

ಸಿ ನಿಯಮದ ಪ್ರಕಾರ '12' ತಪ್ಪಲ್ಲ. ಅದರ ಬೆಲೆ ಎಷ್ಟು ಅನ್ನುವುದನ್ನು ಕಂಪೈಲರ್‌ಗೆ ಬಿಟ್ಟಿದ್ದಾರೆ. ಜಿಸಿಸಿ ಅನ್ನುವ ಕಂಪೈಲರ್ ವಾರ್ನಿಂಗ್ ಕೊಟ್ಟು, 49 × 256 + 50 = 12594 ಅಂತ ಮಾಡಿಕೊಳ್ಳುತ್ತದೆ. ಅದನ್ನು ಕ್ಯಾರೆಕ್ಟರ್ ವೇರಿಯಬಲ್‌ಗೆ ಹಾಕಿದರೆ ಕೊನೆಯ '2' ಮಾತ್ರ ಉಳಿಯುತ್ತದೆ. ನಾಲ್ಕು ಕ್ಯಾರೆಕ್ಟರ್ ವರೆಗೆ ಇದೇ ಕಥೆ. ಫೈಲ್‌ಗಳ ಗುರುತಿನ ಕೋಡ್ ಬರೆಯಲು ಹಳೆಯ ಪ್ರೋಗ್ರಾಮರ್‌ಗಳು ಇದನ್ನು ಬೇಕೆಂತಲೇ ಬಳಸುತ್ತಿದ್ದರು. ನಿಮಗೆ ಬೇಡ. ಒಂದಕ್ಕಿಂತ ಜಾಸ್ತಿ ಇದ್ದರೆ ಡಬಲ್ ಕೋಟ್.

ಖಾಲಿ '' ಬರೆಯಬಹುದಾ?

ಇಲ್ಲ. ಸ್ಟ್ರಿಂಗ್ ಖಾಲಿ ಇರಬಹುದು, ಕ್ಯಾರೆಕ್ಟರ್ ಇರಲಾಗದು. ಏನೂ ಇಲ್ಲ ಅಂತ ಸೂಚಿಸಬೇಕಿದ್ದರೆ '\0' ಅಥವಾ ' ' ಬಳಸುತ್ತಾರೆ.

ಜಾವಾದಲ್ಲಿ '1' + '2' ಪ್ರಿಂಟ್ ಮಾಡಿದರೆ 12 ಬರಬೇಕಿತ್ತು, 3 ಆದರೂ ಬರಬೇಕಿತ್ತು. 99 ಬಂತು!

49 + 50. ನಂಬರ್ ನೋಡಿ ಅಂತ ಆಗಲೇ ಹೇಳಿದ್ದೆ.

ಜಾವಾದಲ್ಲಿ ಎರಡು ಕ್ಯಾರೆಕ್ಟರ್ ಕೂಡಿಸಿದರೆ ಬರುವುದು ಇಂಟಿಜರ್. ಮುಂದೆ ಒಂದು ಖಾಲಿ ಸ್ಟ್ರಿಂಗ್ ಇಟ್ಟು "" + '1' + '2' ಅಂದರೆ 12 ಬರುತ್ತದೆ, ಯಾಕಂದ್ರೆ ಎಡದಿಂದ ಶುರು ಮಾಡಿದಾಗ ಸ್ಟ್ರಿಂಗ್ ಮೊದಲು ಸಿಕ್ಕಿತು. ಖಾಲಿ ಸ್ಟ್ರಿಂಗನ್ನು ಕೊನೆಗೆ ಇಟ್ಟು '1' + '2' + "" ಅಂದರೆ ಮತ್ತೆ 99. ಕ್ಯಾಂಪಸ್ ಇಂಟರ್‌ವ್ಯೂ ಪೇಪರ್‌ನಲ್ಲಿ ಇಂಥ ಸಾಲು ಕೇಳಿದರೆ ಎಡದಿಂದ ಒಂದೊಂದೇ ಹೆಜ್ಜೆ ಬಿಡಿಸಿ.

ಇನ್ನೊಂದು: ಒಂದು ಕ್ಯಾರೆಕ್ಟರ್ ವೇರಿಯಬಲ್‌ನಲ್ಲಿ '1' ಇದ್ದು, ಅದಕ್ಕೆ ಪ್ಲಸ್ ಪ್ಲಸ್ ಹಾಕಿದರೆ '2' ಆಗುತ್ತದೆ. ಅದೇ ವೇರಿಯಬಲ್‌ಗೆ 1 ಕೂಡಿಸಿ ಈಕ್ವಲ್ ಚಿಹ್ನೆಯಿಂದ ಮತ್ತೆ ಅದಕ್ಕೇ ಹಾಕಲು ಹೋದರೆ ಎರರ್. ಕೂಡಿದ್ದು ಇಂಟಿಜರ್ ಆಯಿತು, ದೊಡ್ಡದನ್ನು ಚಿಕ್ಕದರಲ್ಲಿ ತುಂಬಲು ಕಂಪೈಲರ್ ಒಪ್ಪುವುದಿಲ್ಲ. ಕಾಟ್ಲಿನ್ ಇಲ್ಲಿ ಜಾಣತನ ತೋರಿಸಿದೆ: '1' + 1 ಅಂದರೆ '2', ಕ್ಯಾರೆಕ್ಟರೇ. '1' + '2' ಅಂದರೆ ಕಂಪೈಲ್ ಆಗುವುದೇ ಇಲ್ಲ. ಎರಡು ಅಕ್ಷರ ಕೂಡಿಸುವುದಕ್ಕೆ ಅರ್ಥವೇ ಇಲ್ಲ ಅನ್ನುವುದು ಅದರ ವಾದ. ನನಗೆ ಅದೇ ಸರಿ ಅನಿಸುತ್ತದೆ.

ಸಿಯಲ್ಲಿ ಸೈಜ್‌ಆಫ್ '7' ಕೇಳಿದರೆ 4 ಬರುತ್ತದೆ. ಕ್ಯಾರೆಕ್ಟರ್ ಒಂದು ಬೈಟ್ ಅಲ್ವಾ?

ಕ್ಯಾರೆಕ್ಟರ್ ವೇರಿಯಬಲ್ ಒಂದು ಬೈಟ್. ಆದರೆ ಸಿಯಲ್ಲಿ ಕ್ಯಾರೆಕ್ಟರ್ ಲಿಟರಲ್‌ನ ವಿಧ ಇಂಟ್. ನಮ್ಮ ಲ್ಯಾಬ್ ಕಂಪ್ಯೂಟರ್‌ಗಳಲ್ಲಿ ಇಂಟ್ ನಾಲ್ಕು ಬೈಟ್. ಅದೇ ಸಾಲನ್ನು ಸಿ ಪ್ಲಸ್ ಪ್ಲಸ್‌ನಲ್ಲಿ ಓಡಿಸಿದರೆ 1. ಫೈಲ್ ಹೆಸರಿನ ಕೊನೆ ಬದಲಾಯಿಸಿ ಎರಡರಲ್ಲೂ ಓಡಿಸಿ ನೋಡಿ. ಎರಡೂ ಭಾಷೆ ಒಂದೇ ಅನ್ನುವವರ ಬಾಯಿ ಮುಚ್ಚಿಸಲು ಇಷ್ಟು ಸಾಕು.

ಗೆಳೆಯ ವಾಟ್ಸಾಪ್‌ನಲ್ಲಿ ಕಳಿಸಿದ ಕೋಡ್ ಅಂಟಿಸಿದೆ. ಸ್ಟ್ರೇ \342 ಅಂತ ಎರರ್. ಎಲ್ಲ ಸರಿಯಾಗೇ ಕಾಣುತ್ತಿದೆಯಲ್ಲ?

ಕೋಟ್‌ಗಳನ್ನು ಹತ್ತಿರದಿಂದ ನೋಡಿ. ಕೋಡ್‌ಗೆ ಬೇಕಿರುವುದು ನೇರ ಕೋಟ್ ', ಅದರ ನಂಬರ್ 39. ವರ್ಡ್ ಫೈಲ್, ಕೆಲವು ಫೋನ್ ಕೀಬೋರ್ಡ್‌ಗಳು ಅಂದವಾಗಿ ಕಾಣಲಿ ಅಂತ ಅದನ್ನು ‘ ’ ಹೀಗೆ ಬಾಗಿದ ಕೋಟ್ ಮಾಡಿಬಿಡುತ್ತವೆ. ಅವು ಬೇರೆಯೇ ಕ್ಯಾರೆಕ್ಟರ್‌ಗಳು, ನಂಬರ್ 8216 ಮತ್ತು 8217. ಫೈಲ್‌ನಲ್ಲಿ ಒಂದೊಂದೂ ಮೂರು ಬೈಟ್ ಆಗಿ ಕೂರುತ್ತದೆ, ಮೊದಲನೆಯದು 226. ಎಂಟರ ಲೆಕ್ಕದಲ್ಲಿ 226 ಅಂದರೆ 342. ಎರರ್‌ನಲ್ಲಿ ಕಂಡದ್ದು ಅದೇ.

ಎಲ್ಲ ಕೋಟ್ ಅಳಿಸಿ ಎಡಿಟರ್‌ನಲ್ಲೇ ಮತ್ತೆ ಟೈಪ್ ಮಾಡಿ. ಐಫೋನ್ ಇದ್ದರೆ ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಸ್ಮಾರ್ಟ್ ಪಂಕ್ಚುಯೇಶನ್ ಆಫ್ ಮಾಡಿ. ಜೆರಾಕ್ಸ್ ಅಂಗಡಿಯಲ್ಲಿ ಸಿಗುವ ಲ್ಯಾಬ್ ಮ್ಯಾನ್ಯುಯಲ್ ಪಿಡಿಎಫ್‌ನಿಂದ ಕಾಪಿ ಮಾಡಿದರೂ ಇದೇ ಪಾಡು.

ಗೆಟ್‌ಕ್ಯಾರ್ ಒಂದು ಕ್ಯಾರೆಕ್ಟರ್ ಓದುತ್ತದೆ. ಆದರೂ ಅದನ್ನು ಇಂಟ್‌ಗೆ ಹಾಕಿ ಅಂತಾರಲ್ಲ?

ಫೈಲ್ ಮುಗಿಯಿತು ಅಂತ ಹೇಳಲು ಗೆಟ್‌ಕ್ಯಾರ್ ಒಂದು ವಿಶೇಷ ಬೆಲೆ ವಾಪಸ್ ಕೊಡುತ್ತದೆ, ಸಾಮಾನ್ಯವಾಗಿ -1. ಒಂದು ಬೈಟ್‌ನಲ್ಲಿ 256 ಬೆಲೆ ಹಿಡಿಯುತ್ತವೆ, ಎಲ್ಲವೂ ನಿಜವಾದ ಡೇಟಾ ಆಗಿರಬಹುದು. 257ನೆಯದಕ್ಕೆ ಜಾಗ ಎಲ್ಲಿದೆ? ಅದಕ್ಕೇ ಇಂಟ್.

ಕ್ಯಾರೆಕ್ಟರ್ ವೇರಿಯಬಲ್‌ಗೆ ಹಾಕಿದರೆ ಏನಾಗುತ್ತದೆ ಅನ್ನುವುದು ಯಂತ್ರದ ಮೇಲೆ ನಿಂತಿದೆ. ಲ್ಯಾಬ್‌ನ ಇಂಟೆಲ್ ಕಂಪ್ಯೂಟರ್‌ಗಳಲ್ಲಿ ಕ್ಯಾರೆಕ್ಟರ್ -128 ಇಂದ 127 ವರೆಗೆ ಹೋಗುತ್ತದೆ. ಅಲ್ಲಿ '\377' ಅಂದರೆ -1, ಹಾಗಾಗಿ ಫೈಲ್ ನಡುವೆ 255 ಅನ್ನುವ ಬೈಟ್ ಬಂದರೆ ಫೈಲ್ ಮುಗಿಯಿತು ಅಂತ ಪ್ರೋಗ್ರಾಂ ನಿಂತುಬಿಡುತ್ತದೆ. ರಾಸ್ಪ್‌ಬೆರಿ ಪೈ ಥರದ ಆರ್ಮ್ ಲಿನಕ್ಸ್ ಯಂತ್ರದಲ್ಲಿ ಕ್ಯಾರೆಕ್ಟರ್ 0 ಇಂದ 255. ಅಲ್ಲಿ -1 ಬರುವುದೇ ಇಲ್ಲ, ಲೂಪ್ ನಿಲ್ಲುವುದೇ ಇಲ್ಲ.

'ಕ' ಅಂತ ಕನ್ನಡ ಅಕ್ಷರವನ್ನೇ ಬರೆಯಬಹುದಾ?

ಭಾಷೆ ನೋಡಿ ಹೇಳಬೇಕು. ಆಸ್ಕಿಯಲ್ಲಿ ಇರುವುದು 0 ಇಂದ 127 ವರೆಗಿನ ನಂಬರ್ ಮಾತ್ರ, ಅಲ್ಲಿ ಕನ್ನಡಕ್ಕೆ ಜಾಗವಿಲ್ಲ. ಎಲ್ಲ ಭಾಷೆಗಳ ಅಕ್ಷರಗಳಿಗೂ ನಂಬರ್ ಕೊಡುವ ಯುನಿಕೋಡ್ ಪಟ್ಟಿಯಲ್ಲಿ ಇದೆ. 1991ರ ಮೊದಲ ಆವೃತ್ತಿಯಿಂದಲೂ ಇದೆ. ಕನ್ನಡಕ್ಕೆ ಕೊಟ್ಟಿರುವುದು 3200 ಇಂದ 3327 ವರೆಗಿನ 128 ಜಾಗ. 'ಅ' 3205, 'ಕ' 3221, 'ದ' 3238.

ಜಾವಾ, ಸಿ ಶಾರ್ಪ್, ಕಾಟ್ಲಿನ್‌ನಲ್ಲಿ ಕ್ಯಾರೆಕ್ಟರ್ 16 ಬಿಟ್, ಅಂದರೆ 65535 ವರೆಗೆ ಹಿಡಿಯುತ್ತದೆ. 'ಕ' ಆರಾಮಾಗಿ ಕೂರುತ್ತದೆ. ಕನ್ನಡ ಕೀಬೋರ್ಡ್ ಇಲ್ಲದಿದ್ದರೆ ಬ್ಯಾಕ್‌ಸ್ಲ್ಯಾಶ್, ಸಣ್ಣ ಯು, ಆಮೇಲೆ ನಾಲ್ಕು ಹೆಕ್ಸ್ (ಹದಿನಾರರ ಲೆಕ್ಕದ) ಅಂಕಿ 0ಸಿ95 ಬರೆದರೂ ಅದೇ 'ಕ'. ಗೋದಲ್ಲಿ ಇದಕ್ಕೆ ರೂನ್ ಅನ್ನುತ್ತಾರೆ, 32 ಬಿಟ್. 'ಕ' ಪ್ರಿಂಟ್ ಮಾಡಿದರೆ ನೇರವಾಗಿ 3221 ಅಂತ ಬರುತ್ತದೆ. ರಸ್ಟ್‌ನಲ್ಲೂ ನಾಲ್ಕು ಬೈಟ್.

ಸಿಯಲ್ಲಿ ಪೇಚಾಟ. ನಿಮ್ಮ ಫೈಲ್ ಯುಟಿಎಫ್-8ರಲ್ಲಿ ಸೇವ್ ಆಗಿರುತ್ತದೆ. ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ 1992ರಲ್ಲಿ ರೂಪಿಸಿದ ಈ ವಿಧಾನದಲ್ಲಿ ಆಸ್ಕಿ ಅಕ್ಷರಕ್ಕೆ ಒಂದು ಬೈಟ್, ಕನ್ನಡದ ಪ್ರತಿ ನಂಬರಿಗೆ, ಅಂದರೆ ಕೋಡ್ ಪಾಯಿಂಟ್‌ಗೆ ಮೂರು. 'ಕ' ಅಂದರೆ 224, 178, 149. ಆದ್ದರಿಂದ ಜಿಸಿಸಿಗೆ ಅದು '12' ಥರವೇ ಕಾಣುತ್ತದೆ, ಅದೇ ವಾರ್ನಿಂಗ್. ಕ್ಲ್ಯಾಂಗ್ ಅನ್ನುವ ಇನ್ನೊಂದು ಕಂಪೈಲರ್ ಅಂತೂ ಎರರೇ ಕೊಡುತ್ತದೆ. ಕೋಟ್‌ಗೆ ಮುಂಚೆ ದೊಡ್ಡ ಎಲ್ ಹಾಕಿ ವೈಡ್ ಕ್ಯಾರೆಕ್ಟರ್ ಮಾಡಿ, ಅಥವಾ 2011ರ ಸಿ ಆವೃತ್ತಿಯಿಂದ ಬಂದ ಸಣ್ಣ ಯು, ದೊಡ್ಡ ಯು ಬಳಸಿ. ಅದಕ್ಕಿಂತ ಸುಲಭ ದಾರಿ ಅಂದರೆ ಸಿಯಲ್ಲಿ ಕನ್ನಡವನ್ನು ಯಾವಾಗಲೂ ಡಬಲ್ ಕೋಟ್ ಒಳಗೇ ಇಡುವುದು. ಸ್ಟ್ರಿಂಗ್ ಆಗಿ ಪ್ರಿಂಟ್ ಮಾಡಿದರೆ ಲಿನಕ್ಸ್ ಟರ್ಮಿನಲ್‌ನಲ್ಲಿ ಸರಿಯಾಗೇ ಬರುತ್ತದೆ.

ಕನ್ನಡ ಸ್ಟ್ರಿಂಗ್‌ನ ಬೈಟ್‌ಗಳನ್ನು ಪರ್ಸೆಂಟ್ ಡಿ ಹಾಕಿ ಪ್ರಿಂಟ್ ಮಾಡಿದಾಗ -32, -78, -107 ಬಂದರೆ ಗಾಬರಿ ಬೇಡ. ಮೇಲೆ ಹೇಳಿದ -128 ಇಂದ 127ರ ಲೆಕ್ಕದಲ್ಲಿ 224, 178, 149 ಹಾಗೆ ಕಾಣುತ್ತವೆ.

'ದ' ಸರಿ, 'ದಾ' ಹಾಕಿದರೆ ಜಾವಾ, ಗೋ, ರಸ್ಟ್ ಎಲ್ಲವೂ ಎರರ್ ಕೊಡುತ್ತವೆ. ಒಂದೇ ಅಕ್ಷರ ಅಲ್ವಾ ಅದು?

ನಮಗೆ ಒಂದೇ. ಒಂದನೇ ಕ್ಲಾಸಿನಿಂದ ಕಾಗುಣಿತ ಬರೆಸಿದ್ದಾರೆ. ಆದರೆ ಯುನಿಕೋಡ್ ಪಟ್ಟಿಯಲ್ಲಿ 'ದಾ' ಅನ್ನುವ ಸಾಲೇ ಇಲ್ಲ. ಅಲ್ಲಿರುವುದು 'ದ' 3238, ದೀರ್ಘದ ಗುರುತು 'ಾ' 3262. ಎರಡು ಪಕ್ಕಪಕ್ಕ ಬಂದಾಗ ಫಾಂಟ್ ಅವನ್ನು ಸೇರಿಸಿ ದಾ ಅಂತ ಬಿಡಿಸುತ್ತದೆ. ಸಿಂಗಲ್ ಕೋಟ್ ಒಳಗೆ ಜಾಗ ಇರುವುದು ಒಂದು ನಂಬರಿಗೆ.

ಹೀಗೆ ಎಣಿಸಿ ನೋಡಿ. ದಾವಣಗೆರೆ ನಮಗೆ ಐದು ಅಕ್ಷರ. ಯಂತ್ರಕ್ಕೆ ದ, ಾ, ವ, ಣ, ಗ, ೆ, ರ, ೆ ಅಂತ ಎಂಟು. ಯುಟಿಎಫ್-8ರಲ್ಲಿ 24 ಬೈಟ್. ಸಿಯಲ್ಲಿ ಕೊನೆಯ '\0' ಸೇರಿ 25 ಬೈಟ್ ಜಾಗ ಬೇಕು. ಚಿತ್ರದುರ್ಗ ನಮಗೆ ನಾಲ್ಕೇ ಅಕ್ಷರ: ಚಿ, ತ್ರ, ದು, ರ್ಗ. ಯಂತ್ರಕ್ಕೆ ಹತ್ತು, ಯಾಕಂದ್ರೆ ಒತ್ತಕ್ಷರದ ನಡುವಿನ ವಿರಾಮ '್' ಕೂಡ ಲೆಕ್ಕಕ್ಕೆ ಬರುತ್ತದೆ, ಅದರ ನಂಬರ್ 3277. ನಮ್ಮ ಎಣಿಕೆಯಲ್ಲಿ ದಾವಣಗೆರೆ ಉದ್ದ, ಯಂತ್ರದ ಎಣಿಕೆಯಲ್ಲಿ ಚಿತ್ರದುರ್ಗ ಉದ್ದ.

ಇದರಿಂದ ಆಗುವ ತೊಂದರೆ ಒಂದೆರಡಲ್ಲ. ಜಾವಾದಲ್ಲಿ ಸ್ಟ್ರಿಂಗ್ ಹಿಂದು ಮುಂದು ಮಾಡುವ ಲ್ಯಾಬ್ ಪ್ರೋಗ್ರಾಂಗೆ ದಾವಣಗೆರೆ ಕೊಟ್ಟರೆ ಮೊದಲಿಗೇ ಒಂದು ಅನಾಥ 'ೆ' ಬಂದು, ಆಮೇಲೆ "ರೆಗಣವಾದ" ಅಂತ ಬರುತ್ತದೆ. ಬರಬೇಕಿದ್ದದ್ದು ರೆಗೆಣವದಾ. ಜಾವಾದ ಪ್ಯಾಲಿಂಡ್ರೋಮ್ ಪ್ರೋಗ್ರಾಂ (ಹಿಂದಿನಿಂದ ಓದಿದರೂ ಪದ ಅದೇ ಬರುತ್ತದಾ ಅಂತ ನೋಡುವುದು) ಗದಗ ಅಂತ ಕೊಟ್ಟರೆ ಪಾಸ್, ಯಾಕಂದ್ರೆ ಅದರಲ್ಲಿ ಗುಣಿತವೂ ಇಲ್ಲ, ಒತ್ತೂ ಇಲ್ಲ. ಅದನ್ನು ನೋಡಿ "ಕನ್ನಡಕ್ಕೂ ನಡೆಯುತ್ತದೆ" ಅಂತ ಪ್ರಾಜೆಕ್ಟ್ ರಿಪೋರ್ಟ್‌ನಲ್ಲಿ ಬರೆದುಬಿಡಬೇಡಿ. ಆ್ಯಪ್‌ನಲ್ಲಿ ಹೆಸರಿನ ಮೊದಲ ಅಕ್ಷರವನ್ನು ಗೋಲದೊಳಗೆ ತೋರಿಸುತ್ತಾರಲ್ಲ, ಅಲ್ಲಿ ಮೊದಲ ಕ್ಯಾರೆಕ್ಟರ್ ತೆಗೆದರೆ ಚಿತ್ರದುರ್ಗಕ್ಕೆ ಚ ಅಂತ ಬರುತ್ತದೆ. ಫಾರಂನಲ್ಲಿ "ಹೆಸರಲ್ಲಿ ಅಕ್ಷರ ಮಾತ್ರ ಇರಬೇಕು" ಅಂತ ಜಾವಾದ ಈಸ್‌ಲೆಟರ್‌ನಿಂದ ಪರೀಕ್ಷೆ ಮಾಡಿದರೆ 'ಾ' ಅಕ್ಷರ ಅಲ್ಲ ಅನ್ನುತ್ತದೆ, ಅದರ ಲೆಕ್ಕದಲ್ಲಿ ಅದು ಗುರುತು. ಹೆಸರಲ್ಲಿ ಒಂದು ದೀರ್ಘ ಇದ್ದರೂ ಫಾರಂ ಸಲ್ಲಿಸಲು ಆಗುವುದಿಲ್ಲ.

ದೋಸೆಯಲ್ಲಿ ಇನ್ನೊಂದು ತಿರುವಿದೆ. 'ೋ' ಅನ್ನುವ ಗುರುತು ಒಂದೇ ಕೋಡ್ ಪಾಯಿಂಟ್ ಆಗಿರಬಹುದು, ಅಥವಾ 'ೆ', 'ೂ', 'ೕ' ಅಂತ ಮೂರು ತುಂಡಾಗಿಯೂ ಇರಬಹುದು. ಕಣ್ಣಿಗೆ ಎರಡೂ ಒಂದೇ. ಉದ್ದ ಕೇಳಿದರೆ ಒಂದು ದೋಸೆ 4, ಇನ್ನೊಂದು ದೋಸೆ 6. ಹೋಲಿಸಿದರೆ ಸಮ ಅಲ್ಲ. ಬೇರೆ ಬೇರೆ ಕಡೆಯಿಂದ ಬಂದ ಕನ್ನಡವನ್ನು ಹೋಲಿಸುವ ಮೊದಲು, ಎರಡನ್ನೂ ಒಂದೇ ರೂಪಕ್ಕೆ ತರುವ ಎನ್‌ಎಫ್‌ಸಿ ನಾರ್ಮಲೈಸೇಶನ್ ಮಾಡಿ. ಜಾವಾ, ಪೈಥಾನ್, ಜಾವಾಸ್ಕ್ರಿಪ್ಟ್ ಮೂರರಲ್ಲೂ ಅದಕ್ಕೆ ಸಿದ್ಧ ಫಂಕ್ಷನ್ ಇದೆ.

ಹಾಗಾದರೆ ನಮ್ಮ ಲೆಕ್ಕದ ಅಕ್ಷರ ಹಿಡಿಯುವುದು ಹೇಗೆ? ಕ್ಯಾರೆಕ್ಟರ್ ವಿಧವನ್ನು ಬಿಟ್ಟು ಸ್ಟ್ರಿಂಗ್ ಆಗಿಯೇ ಇಟ್ಟುಕೊಳ್ಳಿ, ತುಂಡು ಮಾಡಲು ಗ್ರಾಫೀಮ್ (ಕಣ್ಣಿಗೆ ಒಂದೇ ಅಕ್ಷರವಾಗಿ ಕಾಣುವ ತುಂಡು) ಲೈಬ್ರರಿ ಬಳಸಿ. ಸ್ವಿಫ್ಟ್ ಭಾಷೆಯ ಕ್ಯಾರೆಕ್ಟರ್ ಮೊದಲಿಂದಲೂ ಈ ಗ್ರಾಫೀಮ್ ಲೆಕ್ಕದ್ದು. ಅಲ್ಲಿ ದಾ ಒಂದೇ ಕ್ಯಾರೆಕ್ಟರ್. ಆದರೆ ತ್ರ, ರ್ಗ ಥರದ ಒತ್ತಕ್ಷರಗಳನ್ನು ಎಲ್ಲ ಲೈಬ್ರರಿಗಳೂ ಒಂದೇ ತುಂಡಾಗಿ ಹಿಡಿಯುವುದಿಲ್ಲ. ಚಿತ್ರದುರ್ಗ ಅಂತ ಕೊಟ್ಟು ಪರೀಕ್ಷಿಸಿ. ನಾಲ್ಕು ಬಂದರೆ ಮಾತ್ರ ನಂಬಿ.

ಕನ್ನಡ ಅಂಕಿಗೂ '0' ಕಳೆದರೆ ಸಾಕಾ?

ಸಾಲದು. '೫' - '0' ಅಂದರೆ 3307 - 48 = 3259. ಕನ್ನಡದ ಸೊನ್ನೆಯನ್ನೇ ಕಳೆಯಬೇಕು: '೫' - '೦' = 5. ಜಾವಾದ ಈಸ್‌ಡಿಜಿಟ್ '೫' ಕೂಡ ಅಂಕಿ ಅಂತ ಒಪ್ಪುತ್ತದೆ. ಹಾಗಾಗಿ ಈಸ್‌ಡಿಜಿಟ್ ಪಾಸಾದ ಮೇಲೆ ಕಣ್ಣುಮುಚ್ಚಿ '0' ಕಳೆಯುವ ಕೋಡ್ ಇದ್ದರೆ, ಯಾರೋ ಕನ್ನಡದಲ್ಲಿ ವಯಸ್ಸು ತುಂಬಿದ ದಿನ ಎಡವುತ್ತದೆ. ಗೆಟ್ ನ್ಯೂಮರಿಕ್ ವ್ಯಾಲ್ಯೂ ಅನ್ನುವ ಫಂಕ್ಷನ್ '5', '೫' ಎರಡಕ್ಕೂ 5 ಕೊಡುತ್ತದೆ, ಅದನ್ನು ಬಳಸಿ.

ಕನ್ನಡದ ಸೊನ್ನೆ '೦' 3302, ಅನುಸ್ವಾರ 'ಂ' 3202. ಬರೆಯುವಾಗ ಎರಡೂ ಒಂದೇ ಥರ ಕಾಣುವುದರಿಂದ ಡಿಟಿಪಿ ಮಾಡುವವರು ಒಂದರ ಜಾಗದಲ್ಲಿ ಇನ್ನೊಂದು ಹೊಡೆದಿರುತ್ತಾರೆ. ಹುಡುಕಾಟದಲ್ಲಿ ಹೆಸರು ಸಿಗದಿದ್ದರೆ ಮೊದಲು ಇದನ್ನೇ ಅನುಮಾನಿಸಿ.

ಜಾವಾದಲ್ಲಿ ಇಮೋಜಿಯನ್ನು ಸಿಂಗಲ್ ಕೋಟ್‌ನಲ್ಲಿ ಹಾಕಿದರೆ ಎರರ್. ಅದಕ್ಕೆ ಗುಣಿತ ಇಲ್ಲವಲ್ಲ?

ಗುಣಿತ ಇಲ್ಲ, ನಂಬರ್ ದೊಡ್ಡದು. ನಗುವ ಮುಖ 128512. ಜಾವಾದ ಕ್ಯಾರೆಕ್ಟರ್ 65535ಕ್ಕೆ ಮುಗಿಯುತ್ತದೆ. ಜಾವಾ ವಿನ್ಯಾಸ ಆಗುವಾಗ ಯುನಿಕೋಡ್ 16 ಬಿಟ್‌ನಲ್ಲೇ ಇತ್ತು. 1996ರ ಎರಡನೇ ಆವೃತ್ತಿಯಲ್ಲಿ ಅದು ಬೆಳೆಯಿತು, ಜಾವಾದ ಕ್ಯಾರೆಕ್ಟರ್ ಅಲ್ಲೇ ಉಳಿಯಿತು. ಈಗ ಇಮೋಜಿ ಒಂದಕ್ಕೆ ಎರಡು ಕ್ಯಾರೆಕ್ಟರ್ ಬೇಕು. ರಸ್ಟ್, ಗೋದಲ್ಲಿ ಈ ತೊಂದರೆ ಇಲ್ಲ.

ಪೈಥಾನ್‌ನಲ್ಲಿ ಎರಡೂ ಕೋಟ್ ಒಂದೇನಾ?

ಒಂದೇ. ಪೈಥಾನ್, ಜಾವಾಸ್ಕ್ರಿಪ್ಟ್‌ನಲ್ಲಿ ಕ್ಯಾರೆಕ್ಟರ್ ಅನ್ನುವ ಬೇರೆ ವಿಧವೇ ಇಲ್ಲ. '7' ಕೂಡ ಒಂದು ಉದ್ದದ ಸ್ಟ್ರಿಂಗ್. ಅದಕ್ಕೇ ಪೈಥಾನ್‌ನಲ್ಲಿ '1' + '2' ಅಂದರೆ '12'. ನಂಬರ್ ಬೇಕಿದ್ದರೆ ಆರ್ಡ್ ಫಂಕ್ಷನ್, ನಂಬರಿನಿಂದ ಅಕ್ಷರ ಬೇಕಿದ್ದರೆ ಸಿಎಚ್‌ಆರ್. ಆರ್ಡ್‌ಗೆ 'ಕ' ಕೊಟ್ಟರೆ 3221. 'ದಾ' ಕೊಟ್ಟರೆ ಅದೂ ಎರರ್ ಕೊಡುತ್ತದೆ, ಕಾರಣ ಮೇಲೆ ಹೇಳಿದ್ದೇ. ಪೈಥಾನ್‌ನಿಂದ ಶುರು ಮಾಡಿ ಸಿಗೆ ಬಂದವರು ಡಬಲ್ ಕೋಟ್ ಜಾಗದಲ್ಲಿ ಸಿಂಗಲ್ ಹಾಕುವುದು ಜಾಸ್ತಿ. ವಾರ ಹದಿನೈದು ದಿನದಲ್ಲಿ ಕೈಗೆ ಅಭ್ಯಾಸ ಆಗುತ್ತದೆ.

ನುಡಿಯಲ್ಲಿ ಟೈಪ್ ಮಾಡಿದ ಹಳೆಯ ಫೈಲ್ ಇದೆ. ಪ್ರೋಗ್ರಾಂ ಅದರಲ್ಲಿ 'ಕ' ಹುಡುಕಿದರೆ ಸಿಗುತ್ತಿಲ್ಲ.

ಆ ಫೈಲ್ ಆಸ್ಕಿ ಫಾಂಟ್ ಕಾಲದ್ದಾಗಿದ್ದರೆ ಅದರಲ್ಲಿ 3221 ಇರುವುದೇ ಇಲ್ಲ. ಇಂಗ್ಲಿಷ್ ಅಕ್ಷರ, ಚಿಹ್ನೆಗಳ ನಂಬರ್‌ಗಳನ್ನೇ ಇಟ್ಟುಕೊಂಡು, ಫಾಂಟ್‌ನಲ್ಲಿ ಮಾತ್ರ ಅವಕ್ಕೆ ಕನ್ನಡದ ಆಕಾರ ಕೊಟ್ಟಿರುತ್ತಾರೆ. ಫಾಂಟ್ ಬದಲಾಯಿಸಿ ನೋಡಿ. ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆ ಕಂಡರೆ ಅದೇ. ಮೊದಲು ಪರಿವರ್ತಕ ಬಳಸಿ ಯುನಿಕೋಡ್ ಮಾಡಿಕೊಳ್ಳಿ, ಆಮೇಲೆ ಹುಡುಕಿ. ಪರಿವರ್ತನೆ ಆದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಒಮ್ಮೆ ಕಣ್ಣಾಡಿಸಿ, ತಪ್ಪು ಉಳಿಯುವುದು ಅಲ್ಲೇ ಜಾಸ್ತಿ.